ಮುದ್ದೆಯ ತಟ್ಟೆ, ಚೂರಿ-ಫೋರ್ಕುಗಳ ಮೇಜು

ಪ್ರವಾದಿ ಮುಹಮ್ಮದ್(ಸ)ರ ಮನೆಯಲ್ಲಿ ಬೆಳೆಯುತ್ತಿದ್ದ ಮಕ್ಕಳಲ್ಲಿ ಉಮ್ಮು ಸಲಮಾ(ರ)ರ ಮಗ ಉಮರ್ ಬಿನ್ ಅಬೀ ಸಲಮಾ(ರ) ಒಬ್ಬರು. ಊಟಕ್ಕೆ ಕುಳಿತಾಗ ಆ ಬಾಲಕನ ಕೈ ತಟ್ಟೆಯ ಎಲ್ಲ ಕಡೆಗೂ ಓಡಾಡುತ್ತಿತ್ತು. ಅದನ್ನು ಕಂಡ ಪ್ರವಾದಿವರ್ಯರು(ಸ) ಅವನಿಗೆ ಮೂರು ವಿಷಯಗಳನ್ನು ಕಲಿಸಿದರು: ಅಲ್ಲಾಹನ ಹೆಸರು ಹೇಳಿ ಆರಂಭಿಸುವುದು, ಬಲಗೈಯಿಂದ ಉಣ್ಣುವುದು, ತನ್ನ ಮುಂದಿರುವುದನ್ನು ಮಾತ್ರ ಉಣ್ಣುವುದು. ಅಂದಿನಿಂದ ತಾನು ಹಾಗೆಯೇ ಉಣ್ಣುತ್ತಾ ಬಂದೆನೆಂದು ಉಮರ್(ರ) ದೊಡ್ಡವರಾದ ಮೇಲೆ ಹೇಳಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸ್ ನಮ್ಮ ಮದ್ರಸಾಗಳ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ಬಾಯಿಪಾಠವಾದ ಮಾತುಗಳನ್ನು ನಾವು ನಿಧಾನವಾಗಿ ನೋಡುವುದು ಕಡಿಮೆ. ಮೂರರಲ್ಲಿ ಮೊದಲನೆಯದು ಅನ್ನ ಕೊಟ್ಟವನನ್ನು ನೆನೆಯುವುದಕ್ಕೆ ಸಂಬಂಧಿಸಿದ್ದು. ಎರಡನೆಯದು ಉಣ್ಣುವವನ ಸ್ವಂತ ಶಿಸ್ತು. ಮೂರನೆಯದು ಪಕ್ಕದಲ್ಲಿ ಕುಳಿತವನ ಪಾಲು ಮತ್ತು ಅವನ ಮನಸ್ಸು. ತಟ್ಟೆ ಯಾವುದಿರಬೇಕು, ನೆಲದ ಮೇಲೋ ಮೇಜಿನ ಮೇಲೋ, ಬೆರಳಿನಿಂದಲೋ ಚಮಚದಿಂದಲೋ ಎಂಬ ಮಾತು ಅಲ್ಲಿಲ್ಲ.

ಈಗ ನಮ್ಮ ಮನೆಗಳಲ್ಲಿ ಊಟದ ಸಭ್ಯತೆಯ ಬಗ್ಗೆ ನಡೆಯುವ ವಾದಗಳೆಲ್ಲ ಇದೇ ಕೊನೆಯ ವಿಷಯದ ಸುತ್ತ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ರಜೆಗೆ ಬಂದಾಗ, ಐದು ಬೆರಳನ್ನೂ ಅನ್ನದಲ್ಲಿ ಅದ್ದುವುದು ಹಳ್ಳಿಗಾಡಿನವರ ರೀತಿ ಎನ್ನುತ್ತಾರೆ. ಅದನ್ನು ಕೇಳಿ ಸಿಟ್ಟಾದ ಹಿರಿಯರು, ಫೋರ್ಕ್ ಹಿಡಿಯುವುದು ಅನ್ಯರ ಅನುಕರಣೆ, ಸುನ್ನತ್ತಿಗೆ ವಿರುದ್ಧ ಎಂದು ತೀರ್ಪು ಕೊಡುತ್ತಾರೆ. ಇಬ್ಬರ ಕಣ್ಣೂ ಕೈಯಲ್ಲಿರುವ ವಸ್ತುವಿನ ಮೇಲೆಯೇ ನೆಟ್ಟಿರುತ್ತದೆ. ಎದುರಿಗೆ ಕುಳಿತವನನ್ನು ಯಾರೂ ನೋಡುತ್ತಿರುವುದಿಲ್ಲ.

ನಾವು ಮದ್ದೂರಿನವರು. ನಮ್ಮ ಅಬ್ಬಾ ಎಳನೀರಿನ ವ್ಯಾಪಾರ ಮಾಡುತ್ತಿದ್ದರು. ಮದ್ದೂರಿನ ಎಳನೀರು ಮಾರುಕಟ್ಟೆ ಈಗ ದೂರದೂರಕ್ಕೂ ಹೆಸರಾಗಿದೆ. ಅಬ್ಬಾ ಮಾತ್ರ ಊರೂರಿನ ತೋಟಗಳಿಗೆ ತಾವೇ ಹೋಗಿ, ಮರ ನೋಡಿ, ಗೊನೆ ಎಣಿಸಿ ದರ ಮಾತಾಡಿ ಬರುತ್ತಿದ್ದರು. ಶಿಂಷಾ ನದಿಯ ದಡದಲ್ಲಿ, ವೈದ್ಯನಾಥೇಶ್ವರ ದೇವಾಲಯದಿಂದ ಹೆಸರು ಪಡೆದ ವೈದ್ಯನಾಥಪುರಕ್ಕೆ ಅವರು ಹೊರಟಾಗ ಮಕ್ಕಳಾದ ನಾವೂ ಹಿಂದೆ ಬೀಳುತ್ತಿದ್ದೆವು. ಹೊಳೆ ಒಂದು ಆಸೆಯಾದರೆ, ತೋಟದ ಯಜಮಾನರ ಮನೆಯ ಊಟ ಇನ್ನೊಂದು.

ನಮ್ಮ ಮನೆಯಲ್ಲೂ ಮುದ್ದೆ ಆಗುತ್ತಿತ್ತು. ಮಂಡ್ಯ ಸೀಮೆಯಲ್ಲಿ ಯಾವ ಜಾತಿ ಮತದವರ ಮನೆಯಲ್ಲಿ ಮುದ್ದೆ ಆಗುವುದಿಲ್ಲ? ಆದರೆ ನಮ್ಮಲ್ಲಿ ಮಕ್ಕಳಿಗೆಂದು ಅನ್ನವನ್ನೂ ಇಡುತ್ತಿದ್ದರಾದ್ದರಿಂದ ಮುದ್ದೆ ಉಣ್ಣುವ ವಿದ್ಯೆಯನ್ನು ನಾವು ಸರಿಯಾಗಿ ಕಲಿತದ್ದು ವೈದ್ಯನಾಥಪುರದಲ್ಲಿಯೇ. ಆ ಮನೆಯ ಅವ್ವ ಎದುರಿಗೆ ಕುಳಿತು ತೋರಿಸಿಕೊಡುತ್ತಿದ್ದರು. ಬಿಸಿ ಮುದ್ದೆಯ ಅಂಚಿನಿಂದ ಹೆಬ್ಬೆರಳು ಮತ್ತು ಎರಡು ಬೆರಳು ಸೇರಿಸಿ ಸ್ವಲ್ಪ ಮುರಿಯಬೇಕು. ಬೆರಳ ತುದಿಯಲ್ಲಿಯೇ ಅದನ್ನು ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಬೇಕು. ಬಾಯಿಗಿಟ್ಟ ಮೇಲೆ ಹಲ್ಲಿಗೆ ತಾಗಿಸಬಾರದು. "ಅಗೀಬ್ಯಾಡ ಕಣಪ್ಪಾ, ನುಂಗು" ಎಂದು ಅವರು ಎಷ್ಟು ಬಾರಿ ಹೇಳಿದ್ದಾರೋ ಲೆಕ್ಕವಿಲ್ಲ. ಅಗಿದರೆ ರಾಗಿ ಹಲ್ಲಿಗೆ ಅಂಟುತ್ತದೆ, ರುಚಿ ಕೆಡುತ್ತದೆ. ಸಾರು ಸವರಿದ ತುತ್ತು ತಾನಾಗಿ ಗಂಟಲಿಗೆ ಜಾರುತ್ತದೆ. ಪಟ್ಟಣದವರು ಇದನ್ನು ಕಂಡು, ಅಗಿಯದೆ ನುಂಗುವವರು ಒರಟರು ಎಂದುಕೊಳ್ಳುತ್ತಾರೆ. ಆ ಮನೆಯಲ್ಲಾದರೋ ಮುದ್ದೆ ಅಗಿಯುವವನೇ ಊಟ ಬಾರದವನು. ಪ್ರವಾದಿವರ್ಯರು(ಸ) ಮೂರು ಬೆರಳುಗಳಿಂದ ಉಣ್ಣುತ್ತಿದ್ದರೆಂದು ಕಅಬ್ ಬಿನ್ ಮಾಲಿಕ್(ರ)ರಿಂದ ವರದಿಯಾದ ಹದೀಸನ್ನು ಮುಂದೆ ಓದಿದಾಗ ನಮಗೆ ನೆನಪಾದದ್ದು ಅವ್ವನ ಬೆರಳುಗಳೇ. ಸಾರಿನಲ್ಲಿ ಕಲಸಿದ ಅನ್ನಕ್ಕೆ ಮೂರು ಬೆರಳು ಸಾಲದು, ಮುದ್ದೆಗೆ ಸಾಕು.

ನಾವು ಹೋದ ದಿನ ಆ ಮನೆಯಲ್ಲಿ ಕೋಳಿ ಕೊಯ್ಯುತ್ತಿರಲಿಲ್ಲ. "ಸಾಬ್ರು ಬಂದವ್ರೆ, ಸೊಪ್ಪಿನ ಸಾರೇ ಆಗ್ಲಿ" ಎಂದು ಯಜಮಾನರು ಒಳಗೆ ಕೂಗಿ ಹೇಳುತ್ತಿದ್ದರು. ನಮ್ಮ ಝಬೀಹಾದ ನಿಯಮ ಅವರಿಗೆ ಗೊತ್ತಿತ್ತು, ಅದನ್ನು ನಮ್ಮ ಬಾಯಿಂದ ಹೇಳಿಸುವ ಮುಜುಗರವನ್ನು ಅವರು ಒಮ್ಮೆಯೂ ಕೊಡಲಿಲ್ಲ. ಊಟದ ಮರ್ಯಾದೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಇಂದಿಗೂ ಮೊದಲು ಹೇಳುವುದು ಆ ಸೊಪ್ಪಿನ ಸಾರನ್ನು.

ಹಾಗೆಂದು ಎಲ್ಲವೂ ಚೆಂದವಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವರ್ಷಗಳಲ್ಲಿ ಮನೆಯವರಿಗೆ ತಟ್ಟೆ, ಜಗಲಿಯಲ್ಲಿ ಕುಳಿತ ನಮಗೆ ಬಾಳೆಲೆ. ಊಟವಾದ ಮೇಲೆ ಎಲೆಯನ್ನು ನಾವೇ ಎತ್ತಿ ತಿಪ್ಪೆಗೆ ಹಾಕಬೇಕಿತ್ತು. ಅಬ್ಬಾ ಅದನ್ನು ಬಹಳ ಸಹಜವಾಗಿ ಮಾಡುತ್ತಿದ್ದರು. ಒಮ್ಮೆ ನಮ್ಮಲ್ಲೊಬ್ಬರು ದಾರಿಯಲ್ಲಿ ಕೇಳಿದಾಗ, ಎಲೆಗಿಂತ ಶುದ್ಧವಾದ ತಟ್ಟೆ ಇಲ್ಲ ಎಂದಷ್ಟೇ ಹೇಳಿ ನಡೆದರು. ಉತ್ತರ ಅದಲ್ಲವೆಂದು ನಮಗೂ ತಿಳಿಯುತ್ತಿತ್ತು. ಕಾಲಕ್ರಮದಲ್ಲಿ, ಯಾರೂ ಯಾರಿಗೂ ಏನೂ ಹೇಳದೆ, ಎಲೆಯ ಜಾಗಕ್ಕೆ ತಟ್ಟೆ ಬಂತು, ಜಗಲಿಯ ಜಾಗಕ್ಕೆ ನಡುಮನೆ ಬಂತು.

ಇದು ಬಹಳ ಹಳೆಯ ಪದ್ಧತಿ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದಾಗ, ಮಲಬಾರಿನ ಹಿಂದೂಗಳು ಮುಸ್ಲಿಮ್ ಪ್ರಯಾಣಿಕರಿಗೆ ಅಡುಗೆ ಮಾಡಿಕೊಟ್ಟು ಬಾಳೆಲೆಯಲ್ಲಿ ಬಡಿಸುವುದನ್ನು ಕಂಡು ಬರೆದಿದ್ದಾನೆ. ತಮ್ಮ ಪಾತ್ರೆಯಲ್ಲಿ ಮುಸ್ಲಿಮನು ಉಂಡರೆ ಆ ಪಾತ್ರೆಯನ್ನು ಅವರು ಒಡೆಯುತ್ತಿದ್ದರು ಅಥವಾ ಅವನಿಗೇ ಕೊಟ್ಟುಬಿಡುತ್ತಿದ್ದರು. ಅದೇ ಪ್ರವಾಸಿ ನಮ್ಮ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನೂ ವರ್ಣಿಸಿದ್ದಾನೆ. ತಾಮ್ರದ ಪೀಠದ ಮೇಲೆ ತಾಲಮ್ ಎಂಬ ತಾಮ್ರದ ಹರಿವಾಣ, ಅದಕ್ಕೆ ದೊಡ್ಡ ಸೌಟಿನಿಂದ ಬಡಿಸುವ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಹಿಂದೆಯೇ ಚೂರು ಉಪ್ಪಿನಕಾಯಿ. ಮೊರೊಕ್ಕೊದಿಂದ ಬಂದ ವಿದ್ವಾಂಸನಿಗೆ ಅದೆಲ್ಲ ಹೊಸದು. ಅವನು ಕುತೂಹಲದಿಂದ ಬರೆದುಕೊಂಡ, ಹಾಸ್ಯ ಮಾಡಲಿಲ್ಲ.

ಬೇರೆ ತಟ್ಟೆ ಎಂಬುದು ಯಾವಾಗಲೂ ಅವಮಾನವೇ ಎಂದೂ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಇಫ್ತಾರಿಗೆ ತೋಟದ ಯಜಮಾನರ ಮೊಮ್ಮಗ ಬಂದಿದ್ದರು. ದೊಡ್ಡ ತಟ್ಟೆಯೊಂದರ ಸುತ್ತ ನಾಲ್ಕೈದು ಜನ ಕುಳಿತು ಒಟ್ಟಿಗೆ ಉಣ್ಣುವ ನಮ್ಮ ರೂಢಿ ಅವರಿಗೆ ಅಭ್ಯಾಸವಿರಲಿಲ್ಲ. ಎಂಜಲೆಂಬ ಭಾವನೆ ಅವರ ಮನೆಯಲ್ಲಿ ಹುಟ್ಟಿನಿಂದ ಬಂದದ್ದು. ಗಂಡನ ತಟ್ಟೆಯಿಂದ ಹೆಂಡತಿಯಲ್ಲದೆ ಇನ್ನೊಬ್ಬರು ತುತ್ತು ತೆಗೆಯದ ಮನೆ ಅದು. ಅವರು ಕೈ ಚಾಚಲು ತಡವರಿಸಿದ್ದನ್ನು ನಮ್ಮ ಅಮ್ಮಿ ಕಂಡು, ಮಾತಿಲ್ಲದೆ ಒಂದು ತಟ್ಟೆಯನ್ನು ತಂದು ಅವರ ಮುಂದಿಟ್ಟರು. ಅಂದು ನಮ್ಮ ಸೋದರರಲ್ಲೊಬ್ಬರಿಗೆ, ಒಂದೇ ತಟ್ಟೆಯಲ್ಲಿ ಉಣ್ಣದವನು ನಮ್ಮವನು ಹೇಗೆ ಎಂದು ಬೇಸರವಾಯಿತು. ಆದರೆ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೆಯ ಸೂಕ್ತವು ಒಟ್ಟಾಗಿ ಉಂಡರೂ ಬೇರೆಬೇರೆಯಾಗಿ ಉಂಡರೂ ದೋಷವಿಲ್ಲವೆಂದು ಅನುಮತಿ ನೀಡುತ್ತದೆ. ಹಿಂದೆ ನಮಗೆ ಎಲೆ ಹಾಕಿದ್ದು ನಮ್ಮನ್ನು ದೂರವಿಡಲು, ಅಮ್ಮಿ ತಟ್ಟೆ ಇಟ್ಟದ್ದು ಅತಿಥಿಯನ್ನು ಹತ್ತಿರ ಕೂರಿಸಲು. ಎರಡಕ್ಕೂ ವ್ಯತ್ಯಾಸವಿದೆ.

ಇನ್ನು ಚೂರಿ-ಫೋರ್ಕುಗಳ ವಿಚಾರ. ಫೋರ್ಕು ಯೂರೋಪಿನ ಸಭ್ಯತೆಯ ಜೊತೆಗೇ ಹುಟ್ಟಿತೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಇತಿಹಾಸ ಹಾಗಿಲ್ಲ. 11ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ವೆನಿಸ್ಸಿನ ಅರಸನ ಮಡದಿಯಾಗಿ ಬಂದ ರಾಜಕುಮಾರಿಯೊಬ್ಬಳು ಚಿನ್ನದ ಫೋರ್ಕಿನಿಂದ ಉಣ್ಣುತ್ತಿದ್ದಳೆಂದು ಪೀಟರ್ ಡೇಮಿಯನ್ ಎಂಬ ಕ್ರೈಸ್ತ ಸಂನ್ಯಾಸಿ ಕಟುವಾಗಿ ಖಂಡಿಸಿ ಬರೆದ. ಆಕೆ ಭೀಕರ ರೋಗದಿಂದ ಸತ್ತದ್ದು ಆ ಸೊಕ್ಕಿಗೆ ದೇವರು ಕೊಟ್ಟ ಶಿಕ್ಷೆ ಎಂದೇ ಅವನ ಅಭಿಪ್ರಾಯ. ಕೈಯಿಂದ ಉಣ್ಣದಿರುವುದೇ ಆಗ ಯೂರೋಪಿನಲ್ಲಿ ಅಸಭ್ಯತೆ! ಇದಾಗಿ ಐದು ಶತಮಾನಗಳ ಮೇಲೆ, ಇಂಗ್ಲೆಂಡಿನ ಥಾಮಸ್ ಕೊರಿಯಾಟ್ ಎಂಬ ಪ್ರವಾಸಿ 1611ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಇಟಲಿಯವರು ಮಾಂಸ ಕತ್ತರಿಸುವಾಗ ಫೋರ್ಕು ಬಳಸುವುದನ್ನು ಒಂದು ವಿಚಿತ್ರವೆಂಬಂತೆ ವಿವರಿಸಿದ. ಎಲ್ಲರ ಬೆರಳೂ ಸಮನಾಗಿ ಶುಚಿಯಾಗಿರುವುದಿಲ್ಲವೆಂಬುದೇ ಇಟಲಿಯವರು ಕೊಡುವ ಕಾರಣವೆಂದೂ ಬರೆದ. ಅವನು ಊರಿಗೆ ಮರಳಿ ತಾನೂ ಹಾಗೆಯೇ ಉಣ್ಣತೊಡಗಿದಾಗ ಗೆಳೆಯರು ಅಡ್ಡಹೆಸರಿಟ್ಟು ಗೇಲಿ ಮಾಡಿದರು. ಇಂಗ್ಲೆಂಡಿನ ಸಾಮಾನ್ಯ ಮನೆಗಳಿಗೆ ಫೋರ್ಕು ಬರಲು ಅಲ್ಲಿಂದ ಮುಂದೆ ನೂರು ವರ್ಷಗಳೇ ಬೇಕಾದವು. ಆ ಕೊರಿಯಾಟ್ ಆಮೇಲೆ ಪಶ್ಚಿಮ ಏಷ್ಯಾದಿಂದ ನಡೆದುಕೊಂಡೇ ಹಿಂದೂಸ್ತಾನಕ್ಕೆ ಬಂದು, ಅಜ್ಮೇರಿನಲ್ಲಿ ಬಾದಶಹ ಜಹಾಂಗೀರನ ಮುಂದೆ ಪಾರಸಿಯಲ್ಲಿ ಭಾಷಣ ಮಾಡಿ, 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ. ಫೋರ್ಕಿನ ಸುದ್ದಿಯನ್ನು ಇಂಗ್ಲೆಂಡಿಗೆ ಒಯ್ದವನು ಕೈಯಿಂದ ಉಣ್ಣುವವರ ನಾಡಿನಲ್ಲಿ ಮಣ್ಣಾದ.

ನಮ್ಮ ಹಿರಿಯರ ವಾದವೂ ಅಷ್ಟೇ ದುರ್ಬಲವಾದದ್ದು. ಮಾಂಸವನ್ನು ಚೂರಿಯಿಂದ ಕತ್ತರಿಸಬಾರದು, ಅದು ಅರಬರಲ್ಲದವರ ರೂಢಿ ಎಂಬ ಅರ್ಥದ ಒಂದು ವರದಿ ಅಬೂ ದಾವೂದ್ ಸಂಗ್ರಹದಲ್ಲಿ ಇರುವುದು ನಿಜ. ಆದರೆ ಅದನ್ನು ದಾಖಲಿಸಿದ ಇಮಾಮ್ ಅಬೂ ದಾವೂದರೇ ಅದು ಬಲವಾದ ವರದಿಯಲ್ಲವೆಂದು ಕೆಳಗೆ ಬರೆದಿದ್ದಾರೆ. ಅದಕ್ಕೆ ಎದುರಾಗಿ ಬುಖಾರಿಯಲ್ಲಿ ಅಮ್ರ್ ಬಿನ್ ಉಮಯ್ಯಾ(ರ)ರ ಸ್ಪಷ್ಟ ಸಾಕ್ಷ್ಯವಿದೆ. ಪ್ರವಾದಿವರ್ಯರು(ಸ) ಕುರಿಯ ಮುಂಗಾಲಿನ ಮಾಂಸವನ್ನು ಚೂರಿಯಿಂದ ಕೊಯ್ದು ಉಣ್ಣುತ್ತಿದ್ದರು, ನಮಾಝಿನ ಕರೆ ಬಂದಾಗ ಚೂರಿಯನ್ನು ಕೆಳಗಿಟ್ಟು ನಮಾಝಿಗೆ ಎದ್ದರು. ಬಂಡೂರು ಕುರಿಯ ನಾಡಿನವರಾದ ನಮಗೆ ಈ ಹದೀಸ್ ಬಲು ಪ್ರಿಯವಾದದ್ದು. ಮಾಂಸಕ್ಕೆ ಚೂರಿ ಬೇಕಾಗುವುದು ಅದರ ಗಾತ್ರದಿಂದ, ಧರ್ಮದಿಂದಲ್ಲ. ಅಡುಗೆಮನೆಯಲ್ಲಿಯೇ ಸಣ್ಣಗೆ ಹೆಚ್ಚಿ ಬೇಯಿಸುವವರಿಗೆ ತಟ್ಟೆಯ ಬಳಿ ಚೂರಿಯ ಅಗತ್ಯವೇ ಬೀಳುವುದಿಲ್ಲ.

ಮೇಜಿನ ಪ್ರಶ್ನೆಯೂ ಹೊಸದಲ್ಲ. ಪ್ರವಾದಿವರ್ಯರು(ಸ) ಎತ್ತರದ ಮೇಜಿನ ಮೇಲೆ ಉಣ್ಣಲಿಲ್ಲ, ನೆಲಕ್ಕೆ ಹಾಸಿದ ಸುಫ್ರಾದ ಮೇಲೆ ಉಣ್ಣುತ್ತಿದ್ದರೆಂದು ಅನಸ್(ರ) ತಿಳಿಸಿದ್ದಾರೆ. ಹಾಗಾದರೆ ಮೇಜು ನಿಷಿದ್ಧವೇ? 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ) ತಮ್ಮ ಇಹ್ಯಾ ಗ್ರಂಥದ ಊಟದ ಅದಬ್‌ಗಳ ಭಾಗದಲ್ಲಿ ಇದನ್ನು ಬಹಳ ಸಮಾಧಾನದಿಂದ ಚರ್ಚಿಸುತ್ತಾರೆ. ಪ್ರವಾದಿವರ್ಯರ(ಸ) ಕಾಲದ ನಂತರ ನಾಲ್ಕು ವಸ್ತುಗಳು ಬಂದವೆಂದು ಜನ ಹೇಳುತ್ತಿದ್ದರು: ಮೇಜು, ಹಿಟ್ಟಿನ ಜರಡಿ, ಕೈತೊಳೆಯುವ ಖಾರದ ಪುಡಿ ಮತ್ತು ಹೊಟ್ಟೆ ಬಿರಿಯುವಂತೆ ಉಣ್ಣುವುದು. ಖಾರ ಎಂದರೆ ಮೆಣಸಿನ ಖಾರವಲ್ಲ, ಸಾಬೂನಿನಂತೆ ಕೊಳೆ ತೆಗೆಯುವ ಗಿಡದ ಬೂದಿ. ಹೊಸದಾಗಿ ಬಂದದ್ದೆಲ್ಲ ನಿಷಿದ್ಧವಲ್ಲ, ಮೇಜು ಊಟವನ್ನು ಎತ್ತರಿಸಿ ಉಣ್ಣಲು ಅನುಕೂಲ ಮಾಡಿಕೊಡುವುದಷ್ಟೇ ಎನ್ನುವ ಇಮಾಮರು, ಈ ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದು ಹೊಟ್ಟೆ ತುಂಬಿಸುವುದೇ ಎನ್ನುತ್ತಾರೆ. ನಮ್ಮ ವಲೀಮಾಗಳಲ್ಲಿ ಮೇಜಿನ ಬಗ್ಗೆ ತಕರಾರು ತೆಗೆಯುವವರು ಮೂರನೆಯ ಬಾರಿ ಬಿರಿಯಾನಿ ಹಾಕಿಸಿಕೊಳ್ಳುವಾಗ ಈ ಮಾತನ್ನು ನೆನೆದದ್ದನ್ನು ನಾವು ಕಂಡಿಲ್ಲ.

ಬೆರಳಿನ ಪರವಾಗಿಯೂ ಒಂದು ಹಳೆಯ ಪ್ರಸಂಗವಿದೆ. ಖಲೀಫ ಹಾರೂನ್ ರಶೀದರು ಊಟಕ್ಕೆ ಚಮಚಗಳನ್ನು ತರಿಸಿದಾಗ ನ್ಯಾಯಾಧೀಶ ಅಬೂ ಯೂಸುಫ್(ರ) ಅವರಿಗೆ ಒಂದು ವಿಷಯ ನೆನಪಿಸಿದರು. ಆದಮನ ಸಂತತಿಯನ್ನು ಗೌರವಿಸಿದೆವೆಂಬ ಕುರ್‌ಆನಿನ ಮಾತಿಗೆ, ಉಣ್ಣಲು ಬೆರಳುಗಳನ್ನು ಕೊಟ್ಟೆವೆಂಬ ಅರ್ಥವನ್ನೂ ಇಬ್ನ್ ಅಬ್ಬಾಸ್(ರ) ಹೇಳಿದ್ದರು. ಖಲೀಫರು ಚಮಚವನ್ನು ಪಕ್ಕಕ್ಕಿಟ್ಟು ಕೈಯಿಂದ ಉಂಡರು ಎಂದು ಝಮಖ್ಶರಿಯವರ ತಫ್ಸೀರಿನಲ್ಲಿದೆ. ಅಷ್ಟು ದೊಡ್ಡ ಸಾಮ್ರಾಜ್ಯದ ಅರಮನೆಯಲ್ಲಿ ಚಮಚವೂ ಇತ್ತು, ಬೆರಳೂ ಇತ್ತು. ಬೆರಳು ಬಡವರದು ಎಂಬ ಭಾವನೆ ಮಾತ್ರ ಇರಲಿಲ್ಲ.

ನಮಗೆ ಭಯವಿರುವುದು ಆ ಭಾವನೆಯ ಬಗ್ಗೆಯೇ. ನಾಚಿಕೆ ಎಂಬುದು ಊಟದ ಜಾಗದಲ್ಲಿ ಬಹಳ ಬೇಗ ಬೇರೂರುತ್ತದೆ. 1888ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ ತರುಣ ಗಾಂಧಿಯವರಿಗೆ ಚೂರಿ-ಫೋರ್ಕು ಹಿಡಿಯಲು ಬರುತ್ತಿರಲಿಲ್ಲ. ಯಾರನ್ನೂ ಕೇಳಲು ಸಂಕೋಚಪಟ್ಟು, ಮೇಜಿಗೆ ಹೋಗದೆ ತಮ್ಮ ಕೋಣೆಯಲ್ಲಿಯೇ ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ತಿಂದುಕೊಂಡಿದ್ದರು. ನಮ್ಮ ತಂಗಿಯ ಮಗಳು ಬೆಂಗಳೂರಿನ ಒಂದು ಕಂಪೆನಿಗೆ ಸೇರಿದಾಗ ಅಲ್ಲಿಯ ತರಬೇತಿಯಲ್ಲಿ ಊಟದ ಪಾಠವೂ ಒಂದಿತ್ತು. ಫೋರ್ಕನ್ನು ಹೇಗೆ ಹಿಡಿಯಬೇಕು, ಊಟ ಮುಗಿಯಿತೆಂದು ತಿಳಿಸಲು ಚೂರಿಯನ್ನು ತಟ್ಟೆಯ ಮೇಲೆ ಹೇಗೆ ಇಡಬೇಕು ಎಂದು ಕಲಿಸಿದರು. ಅದು ಉಪಯುಕ್ತವೇ. ಆದರೆ ಕಲಿಸಿದಾತ ನಡುವೆ, ನಿಮ್ಮ ಊರಿನಲ್ಲಿ ಮೊಣಕೈವರೆಗೆ ಸಾರು ಇಳಿಸಿಕೊಂಡು ತಿನ್ನುವುದನ್ನು ಇಲ್ಲಿ ಮರೆಯಿರಿ ಎಂದನಂತೆ. ತರಗತಿ ನಕ್ಕಿತು. ಅವಳೂ ನಕ್ಕಳು. ಆಮೇಲೆ ಒಂದು ವರ್ಷ ಅವಳು ಆಫೀಸಿಗೆ ಮನೆಯ ಊಟ ಒಯ್ಯಲಿಲ್ಲ.

ದೊಡ್ಡ ದೇಶಗಳಲ್ಲೂ ಇದೇ ಕಥೆ. 2025ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿದ್ದ ಝೊಹ್ರಾನ್ ಮಮ್ದಾನಿ ಕೈಯಿಂದ ಅನ್ನ ಉಣ್ಣುವ ದೃಶ್ಯ ಹರಡಿದಾಗ, ನಾಗರಿಕರಾದವರು ಅಮೆರಿಕದಲ್ಲಿ ಹೀಗೆ ತಿನ್ನುವುದಿಲ್ಲವೆಂದು ಟೆಕ್ಸಾಸಿನ ಒಬ್ಬ ಸಂಸದರು ಬರೆದರು. ಬರ್ಗರ್ ಮತ್ತು ಪಿಜ್ಜಾವನ್ನು ಆ ದೇಶದವರು ಯಾವುದರಿಂದ ತಿನ್ನುತ್ತಾರೆಂದು ಹಲವರು ಕೇಳಿದರು. ನವೆಂಬರಿನಲ್ಲಿ ಮತದಾರರು ಮಮ್ದಾನಿಯವರನ್ನೇ ಆರಿಸಿದರು. ಅದಕ್ಕೂ ಮೊದಲು, 2006ರಲ್ಲಿ, ಕೆನಡಾದ ಮಾಂಟ್ರಿಯಲ್ ಬಳಿಯ ಶಾಲೆಯೊಂದರಲ್ಲಿ ಫಿಲಿಪ್ಪೀನ್ಸ್ ಮೂಲದ ಏಳು ವರ್ಷದ ಬಾಲಕನನ್ನು ಮಧ್ಯಾಹ್ನದ ಊಟದ ಮೇಲ್ವಿಚಾರಕಿ ಬೇರೆ ಕೂರಿಸಿದ್ದು ಸುದ್ದಿಯಾಯಿತು. ಅವನು ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ನೂಕಿ ಚಮಚದಿಂದ ಉಣ್ಣುತ್ತಿದ್ದ, ಅವನ ಮನೆಯವರೆಲ್ಲ ಉಣ್ಣುವುದು ಹಾಗೆಯೇ. ತಾಯಿ ಸುಮ್ಮನಾಗಲಿಲ್ಲ. 2010ರಲ್ಲಿ ಕ್ವಿಬೆಕ್ ಪ್ರಾಂತ್ಯದ ಮಾನವ ಹಕ್ಕುಗಳ ನ್ಯಾಯಮಂಡಳಿ ಆ ಕುಟುಂಬಕ್ಕೆ 17,000 ಡಾಲರ್ ಪರಿಹಾರ ಕೊಡಿಸಿತು. ಗಮನಿಸಬೇಕಾದದ್ದೆಂದರೆ ಆ ಮಗುವಿನ ಕೈಯಲ್ಲಿ ಫೋರ್ಕೂ ಇತ್ತು, ಚಮಚವೂ ಇತ್ತು. ತಿರಸ್ಕರಿಸಲು ಹೊರಟವರಿಗೆ ಅದೂ ಸಾಲಲಿಲ್ಲ.

ಒಗ್ಗದ ಊಟದ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ನಮ್ಮಲ್ಲಿ ಒಳ್ಳೆಯ ಮಾದರಿಯಿದೆ. ಹುರಿದ ಉಡವನ್ನು ಪ್ರವಾದಿವರ್ಯರ(ಸ) ಮುಂದೆ ತಂದಿಟ್ಟಾಗ ಅವರು ಕೈ ಹಿಂದೆಗೆದರು. ಅದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇರಲಿಲ್ಲವಾದ್ದರಿಂದ ತಮಗೆ ಒಗ್ಗದು ಎಂದರು. ಖಾಲಿದ್(ರ) ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಉಂಡರು, ಪ್ರವಾದಿವರ್ಯರು(ಸ) ನೋಡುತ್ತಾ ಕುಳಿತಿದ್ದರು. ಒಂದೇ ಸುಫ್ರಾ, ಎರಡು ನಾಲಗೆ. ಉಣ್ಣದವರು ಅಸಹ್ಯದ ಮಾತಾಡಲಿಲ್ಲ, ಉಂಡವರು ಒತ್ತಾಯ ಮಾಡಲಿಲ್ಲ.

ರಾಜಿ ಮಾಡಿಕೊಳ್ಳಲಾಗದ್ದು ಬಲಗೈಯ ವಿಷಯ. ಎಡಗೈಯಿಂದ ಉಣ್ಣುವುದನ್ನು ಹದೀಸ್‌ಗಳು ಸ್ಪಷ್ಟವಾಗಿ ತಡೆಯುತ್ತವೆ. ಇಂಗ್ಲಿಷರ ರೀತಿಯಲ್ಲಿ ಚೂರಿ ಬಲಗೈಯಲ್ಲಿದ್ದು ಫೋರ್ಕು ಎಡಗೈಯಿಂದಲೇ ಬಾಯಿಗೆ ಹೋಗುತ್ತದೆ. ಹೀಗಾಗಿ ಹಲವು ಹುಡುಗರು ಕಚೇರಿಯ ಊಟದಲ್ಲಿ ಇತ್ತ ಧರ್ಮಕ್ಕೂ ಅತ್ತ ಮರ್ಯಾದೆಗೂ ನಡುವೆ ಸಿಕ್ಕಿಕೊಂಡವರಂತೆ ಚಡಪಡಿಸುತ್ತಾರೆ. ಅದರ ಅವಶ್ಯಕತೆಯಿಲ್ಲ. ಅಮೆರಿಕದವರಲ್ಲಿ ಬಹುಮಂದಿ ಮಾಂಸವನ್ನು ಕತ್ತರಿಸಿದ ಮೇಲೆ ಚೂರಿಯನ್ನು ತಟ್ಟೆಯ ಅಂಚಿಗಿಟ್ಟು, ಫೋರ್ಕನ್ನು ಬಲಗೈಗೆ ಬದಲಿಸಿಕೊಂಡೇ ಉಣ್ಣುತ್ತಾರೆ. ಅದನ್ನು ಯಾರೂ ಒರಟುತನ ಎನ್ನುವುದಿಲ್ಲ. ಮಲೇಷ್ಯಾ ಮತ್ತು ಇಂಡೋನೇಷ್ಯಾದ ಮುಸ್ಲಿಮರು ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು ಹಿಡಿಯುತ್ತಾರೆ. ಫೋರ್ಕಿನ ಕೆಲಸ ನೂಕುವುದಷ್ಟೇ, ಬಾಯಿಗೆ ಹೋಗುವುದು ಬಲಗೈಯ ಚಮಚ. ಮಾಂಟ್ರಿಯಲಿನ ಆ ಮಗು ಮಾಡಿದ್ದೂ ಇದನ್ನೇ. ನಮ್ಮ ಮಕ್ಕಳಿಗೆ ಇವೆರಡನ್ನೂ ಮನೆಯಲ್ಲಿಯೇ ಅಭ್ಯಾಸ ಮಾಡಿಸಬಹುದು, ಮುದ್ದೆ ಉಣ್ಣಲು ಕಲಿಸಿದ ಹಾಗೆ.

ಇದನ್ನೆಲ್ಲ ಬರೆಯಬೇಕೆನಿಸಲು ಕಾರಣವಾದದ್ದು ಅದೇ ತಂಗಿಯ ಮಗಳ ಮದುವೆಯ ಮಾತುಕತೆ. ಹುಡುಗನ ಕಡೆಯವರು ಚನ್ನಪಟ್ಟಣದಿಂದ ಹೋಗಿ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದವರು. ಹುಡುಗ ಹುಟ್ಟಿದ್ದೇ ಅಲ್ಲಿ. ಅವರು ಮದ್ದೂರಿಗೆ ಬರುವ ದಿನ ಗೊತ್ತಾದದ್ದೇ ತಡ, ಮನೆಯ ಯುವಕರು ಸೇರಿ ಶಾಮಿಯಾನದ ಅಂಗಡಿಯಿಂದ ಉದ್ದನೆಯ ಮೇಜು, ಕುರ್ಚಿ, ಪಿಂಗಾಣಿ ತಟ್ಟೆ, ಎರಡು ಡಜನ್ ಚೂರಿ-ಫೋರ್ಕುಗಳನ್ನು ಬಾಡಿಗೆಗೆ ತಂದರು. ಅಲ್ಲಿಯವರೆಗೆ ಯಾರಿಗೂ ಆಕ್ಷೇಪವಿರಲಿಲ್ಲ. ಹಿಂದಿನ ರಾತ್ರಿ ಒಬ್ಬ ಹುಡುಗ ಮೆಲ್ಲಗೆ ಇನ್ನೊಂದು ಮಾತು ತೆಗೆದ. ದಾದಿ ನೆಲದ ಮೇಲೆಯೇ ಕೂರುತ್ತಾರೆ, ಊಟವಾದ ಮೇಲೆ ಬೆರಳು ನೆಕ್ಕುತ್ತಾರೆ, ನಾಳೆ ಅವರಿಗೆ ಒಳಗಿನ ಕೋಣೆಯಲ್ಲಿಯೇ ಬಡಿಸಿದರೆ ಹೇಗೆ?

ಬೆರಳು ನೆಕ್ಕುವುದು ನಮ್ಮ ಅಮ್ಮಿಯ ಹಸಿವಿನ ಗುರುತಲ್ಲ. ಯಾವ ತುತ್ತಿನಲ್ಲಿ ಬರಕತ್ ಇದೆಯೋ ತಿಳಿಯದೆಂದು ಪ್ರವಾದಿವರ್ಯರು(ಸ) ಕಲಿಸಿದ ಸುನ್ನತ್ ಅದು. ಎಂಬತ್ತು ದಾಟಿದ ವಯಸ್ಸಿನಲ್ಲೂ ಅವರು ಒಂದಗುಳನ್ನು ತಟ್ಟೆಯಲ್ಲಿ ಬಿಡುವುದಿಲ್ಲ. ನಮ್ಮ ತಂಗಿ ಮಗನ ಮಾತಿಗೆ ಉತ್ತರ ಕೊಡುವ ಮೊದಲೇ ಬಾಗಿಲ ಹಿಂದಿನಿಂದ ಅಮ್ಮಿಯ ದನಿ ಬಂತು. "ನನಗೆ ಒಳಗೇ ಇಟ್ಟುಬಿಡಿ, ಮಂಡಿ ನೋವು." ಮಂಡಿ ನೋವಿದ್ದವರು ನೆಲದ ಮೇಲೆ ಕೂರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ರಾತ್ರಿ ನಾವು ಸೋದರರು ಹುಡುಗನನ್ನು ಕೂರಿಸಿಕೊಂಡು ಮಾತಾಡಿದೆವು. ಬೈಯಲಿಲ್ಲ. ಅವನ ದಾದಿಯನ್ನು ಬಚ್ಚಿಟ್ಟು ಒಪ್ಪಿಸಬೇಕಾದ ಸಂಬಂಧವಾದರೆ ಅದು ನಮಗೆ ಬೇಡ, ಮೇಜು ಇರಲಿ, ದಸ್ತರ್‌ಖಾನೂ ಹಾಸಿರಲಿ, ಯಾರಿಗೆ ಎಲ್ಲಿ ಬೇಕೋ ಅಲ್ಲಿ ಕೂರಲಿ ಎಂದೆವು.

ಮರುದಿನ ಹುಡುಗನ ತಂದೆಗೆ ನಿಜವಾಗಿಯೂ ಮಂಡಿ ನೋವಿತ್ತು. ಅವರೂ ನಮ್ಮ ಭಾವನೂ ಮೇಜಿಗೆ ಕುಳಿತರು. ಹುಡುಗನ ತಾಯಿ ಕೈತೊಳೆಯಲು ನೀರು ಕೇಳಿ ನೇರವಾಗಿ ಅಮ್ಮಿಯ ಪಕ್ಕಕ್ಕೆ ಬಂದು ನೆಲದ ಮೇಲೆ ಕುಳಿತರು. ಇಪ್ಪತ್ತೈದು ವರ್ಷಗಳಿಂದ ಮುದ್ದೆಗಾಗಿ ಬಾಯಿ ಬಿಟ್ಟುಕೊಂಡಿದ್ದೇನೆ, ಬಿರಿಯಾನಿ ಆಮೇಲೆ ನೋಡೋಣ ಎಂದರು. ಅದೃಷ್ಟಕ್ಕೆ ಅಮ್ಮಿಗೆಂದು ಮುದ್ದೆ, ನಾಟಿ ಕೋಳಿ ಸಾರು ಆಗಿತ್ತು. ಹುಡುಗ ಎಲ್ಲಿ ಕೂರಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು, ಕೊನೆಗೆ ಫೋರ್ಕನ್ನು ಕೈಯಲ್ಲಿ ಹಿಡಿದುಕೊಂಡೇ ದಸ್ತರ್‌ಖಾನಿಗೆ ಬಂದ. ಮುದ್ದೆಗೆ ಅದನ್ನು ಚುಚ್ಚಿದ. ಮುದ್ದೆ ಫೋರ್ಕಿನ ನಾಲ್ಕು ಹಲ್ಲಿನ ಸಂದಿಗೂ ಮೆತ್ತಿಕೊಂಡು ಬಿಡದಾಯಿತು. ಅಮ್ಮಿ ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದಿಟ್ಟು, ತಮ್ಮ ತಟ್ಟೆಯಲ್ಲಿ ಒಂದು ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿ ತೋರಿಸಿದರು. "ಚಾಬೋ ನಕ್ಕೋ ಬೇಟಾ, ನಿಗಲ್ ಜಾವ್" ಎಂದರು. ವೈದ್ಯನಾಥಪುರದ ಅವ್ವ ಹೇಳಿದ್ದೇ ನಮ್ಮ ದಖ್ಖನಿಯಲ್ಲಿ ಹೊರಬಂದಿತ್ತು. ಮೊದಲ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು, ಮೂರನೆಯದು ಸರಾಗವಾಗಿ ಇಳಿಯಿತು. ಆಮೇಲೆ ಬಂದ ಬಿರಿಯಾನಿಯನ್ನು ಅವನು ಚಮಚದಿಂದಲೇ ತಿಂದ, ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

ನಿಕಾಹ್ ಕಳೆದ ವರ್ಷ ಆಯಿತು, ಅಲ್‌ಹಮ್ದುಲಿಲ್ಲಾಹ್. ಹುಡುಗಿ ಬರ್ಮಿಂಗ್‌ಹ್ಯಾಮಿಗೆ ಹೊರಟಾಗ ಅಮ್ಮಿ ಅವಳ ಪೆಟ್ಟಿಗೆಯಲ್ಲಿ ಐದು ಕಿಲೋ ರಾಗಿ ಹಿಟ್ಟನ್ನು ತುಂಬಿಸಿದರು. ಮುದ್ದೆ ತಿರುವುವ ಕೋಲು ಉದ್ದವಾಗಿದ್ದು ಎಷ್ಟು ಓರೆ ಮಾಡಿದರೂ ಹಿಡಿಸಲಿಲ್ಲ. ಅಲ್ಲಿ ಅವಳು ಸೌಟಿನ ಹಿಡಿಯಿಂದ ತಿರುವುತ್ತಾಳಂತೆ, ಅಲ್ಲಲ್ಲಿ ಗಂಟು ಉಳಿಯುತ್ತದಂತೆ.